ಶಿಬಿರ ಮುಗಿದ ಮರುದಿನ: ಗಣಿನಾಡು ಸಂಡೂರಿನ ಆರೋಗ್ಯ ಮತ್ತು ನಮ್ಮ ಔಷಧದಾನ

ಮಹಾವೀರ ಜಯಂತಿ ಬಂತೆಂದರೆ ರಾಜ್ಯದ ಹಲವು ಊರುಗಳಲ್ಲಿ ಜೈನ ಸಮಾಜದವರು ಆರೋಗ್ಯ ತಪಾಸಣಾ ಶಿಬಿರ ನಡೆಸುತ್ತಾರೆ. ಬೆಳಿಗ್ಗೆ ಶಾಮಿಯಾನ ಏಳುತ್ತದೆ, ವೈದ್ಯರು ಬರುತ್ತಾರೆ, ಬಿ.ಪಿ., ಶುಗರ್ ನೋಡುತ್ತಾರೆ, ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುತ್ತಾರೆ. ಸಂಜೆಗೆ ಎಲ್ಲವೂ ಮುಗಿಯುತ್ತದೆ. ಇದು ಒಳ್ಳೆಯ ಕೆಲಸ, ಅದರಲ್ಲಿ ಅನುಮಾನವಿಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಔಷಧದಾನಕ್ಕೆ ನಮ್ಮ ಹಿರಿಯರು ಕೊಟ್ಟ ಸ್ಥಾನ ದೊಡ್ಡದು. ಆದರೆ ಆ ದಿನ ಶುಗರ್ ಇದೆ ಎಂದು ಗೊತ್ತಾದ ಹೆಣ್ಣುಮಗಳು ಮರುದಿನ ಎಲ್ಲಿಗೆ ಹೋಗುತ್ತಾಳೆ? ಎರಡು ತಿಂಗಳಿಂದ ಕೆಮ್ಮು ಬಿಡದ ಲಾರಿ ಕ್ಲೀನರ್ ಹುಡುಗನನ್ನು ಎಕ್ಸ್‌ರೇಗೆ ಕರೆದೊಯ್ಯುವವರು ಯಾರು?

ಈ ಪ್ರಶ್ನೆಯನ್ನು ಎಲ್ಲ ಊರುಗಳಿಗೂ ಕೇಳಬಹುದು. ಈ ಲೇಖನದಲ್ಲಿ ಅದನ್ನು ಬಳ್ಳಾರಿ ಜಿಲ್ಲೆಯ ಸಂಡೂರಿನ ಸಂದರ್ಭದಲ್ಲಿ ಕೇಳುತ್ತಿದ್ದೇವೆ. ಅದಕ್ಕೆ ಎರಡು ಕಾರಣಗಳಿವೆ. ಒಂದು, ಗಣಿಗಾರಿಕೆಯಿಂದಾಗುವ ಆರೋಗ್ಯದ ಹೊರೆ ಅಲ್ಲಿ ಎಲ್ಲರ ಮೇಲೂ ಸಮನಾಗಿ ಬೀಳುತ್ತಿಲ್ಲ. ಎರಡು, ಆ ಹೊರೆ ಇಳಿಸಲು ಬೇಕಾದ ಹಣ ರಾಜ್ಯದ ಬಹುಪಾಲು ತಾಲ್ಲೂಕುಗಳಿಗಿಂತ ಅಲ್ಲಿ ಹೆಚ್ಚಾಗಿಯೇ ಇದೆ. ಹಣವಿದ್ದೂ ಆರೋಗ್ಯ ಎಲ್ಲರ ಮನೆ ತಲುಪದಿದ್ದರೆ, ಕೊರತೆ ಬೇರೆಲ್ಲೋ ಇದೆ ಎಂದೇ ಅರ್ಥ.

ಒಂದು ಊರು, ಹಲವು ಬದುಕು

ಸಂಡೂರು ಘೋರ್ಪಡೆ ಮನೆತನದ ಚಿಕ್ಕ ಸಂಸ್ಥಾನವಾಗಿತ್ತು. 1949ರಲ್ಲಿ ಭಾರತದಲ್ಲಿ ವಿಲೀನವಾಗಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. 1953ರಲ್ಲಿ ಬಳ್ಳಾರಿಯೊಂದಿಗೆ ಮೈಸೂರು ರಾಜ್ಯಕ್ಕೆ ಬಂತು. 1930ರ ದಶಕದಲ್ಲೇ ಇಲ್ಲಿ ದೇವಸ್ಥಾನಗಳ ಬಾಗಿಲು ದಲಿತರಿಗೆ ತೆರೆದಿತ್ತು. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರು. ಸಂಸ್ಥಾನದ ಕಾಲದ ಮರಾಠಿ ಮನೆಗಳು, ಕನ್ನಡ ಮತ್ತು ತೆಲುಗು ಮಾತಾಡುವ ಕುಟುಂಬಗಳು, ಉರ್ದು ಮಾತಾಡುವ ಮುಸ್ಲಿಮರು, ದೊಡ್ಡ ಸಂಖ್ಯೆಯ ವಾಲ್ಮೀಕಿ ನಾಯಕ ಸಮುದಾಯ, ಸುತ್ತಲಿನ ತಾಂಡಾಗಳ ಲಂಬಾಣಿಗರು, ಗಣಿ ಮತ್ತು ಕಾರ್ಖಾನೆ ಕೆಲಸಕ್ಕೆ ಬಿಹಾರ, ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶಗಳಿಂದ ಬಂದವರು ಎಲ್ಲರೂ ಈ ತಾಲ್ಲೂಕಿನಲ್ಲಿದ್ದಾರೆ. ವ್ಯಾಪಾರ, ಸಾರಿಗೆ, ಔಷಧ ಅಂಗಡಿಗಳ ಮೂಲಕ ಹೊಸಪೇಟೆ, ಬಳ್ಳಾರಿ, ಸಂಡೂರು ಭಾಗದ ಜೈನ ಕುಟುಂಬಗಳೂ ಈ ಬದುಕಿನ ಭಾಗವೇ.

ಆದರೆ ಒಂದೇ ಊರಿನಲ್ಲಿದ್ದ ಮಾತ್ರಕ್ಕೆ ಎಲ್ಲರೂ ಒಂದೇ ಗಾಳಿ ಉಸಿರಾಡುತ್ತಾರೆ ಎಂದಲ್ಲ. ಕಂಪನಿಯ ಕಾಯಂ ನೌಕರನಿಗೆ ಟೌನ್‌ಶಿಪ್ ಮನೆ, ಮರಗಳ ನೆರಳು, ಕಂಪನಿಯದೇ ಆಸ್ಪತ್ರೆ ಇದೆ. ದೋಣಿಮಲೈನಲ್ಲಿ, ತೋರಣಗಲ್ಲಿನ ಪಕ್ಕದ ವಿದ್ಯಾನಗರದಲ್ಲಿ ಅಂಥ ವ್ಯವಸ್ಥೆ ಕಾಣುತ್ತದೆ. ಅದೇ ಕಂಪನಿಗೆ ಗುತ್ತಿಗೆದಾರನ ಮೂಲಕ ದುಡಿಯುವವನು ತೋರಣಗಲ್ಲು ಅಥವಾ ಕುರೆಕುಪ್ಪದಲ್ಲಿ ನಾಲ್ಕಾರು ಜನರೊಂದಿಗೆ ಒಂದೇ ಕೋಣೆಯಲ್ಲಿ ಬಾಡಿಗೆಗಿರುತ್ತಾನೆ. ಅದಿರು ಲಾರಿ ಓಡಾಡುವ ರಸ್ತೆಬದಿಯಲ್ಲಿ ಚಹಾ ಮಾರುವವಳಿಗೆ ಯಾವ ಕಂಪನಿಯ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲ. ಧೂಳು ಮೂವರ ಶ್ವಾಸಕೋಶಕ್ಕೂ ಹೋಗುತ್ತದೆ. ಕಾಯಿಲೆ ಬಿದ್ದಾಗ ಮೊದಲನೆಯವನಿಗೆ ಆಸ್ಪತ್ರೆ ಇದೆ, ಎರಡನೆಯವನಿಗೆ ಅದು ಗುತ್ತಿಗೆದಾರನ ಮರ್ಜಿ, ಮೂರನೆಯವಳಿಗೆ ಆ ದಿನದ ವ್ಯಾಪಾರ ಬಿಟ್ಟು ಹೋಗುವ ತೊಂದರೆ.

ಆರೋಗ್ಯದಲ್ಲಿ ಸಮಾನತೆ ಎಂದರೆ ಎಲ್ಲರಿಗೂ ಒಂದೇ ಮಾತ್ರೆ ಹಂಚುವುದಲ್ಲ. ಹೆಚ್ಚು ಅಪಾಯದಲ್ಲಿರುವವರಿಗೆ ಹೆಚ್ಚು ನೆರವು ಮೊದಲು ಸಿಗಬೇಕು. ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ್ದ ಆಯೋಗ 2008ರ ವರದಿಯಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಜನರು ಹುಟ್ಟಿ, ಬೆಳೆದು, ದುಡಿದು, ಮುಪ್ಪಾಗುವ ಪರಿಸ್ಥಿತಿಯೇ ಅವರ ಆರೋಗ್ಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಧೂಳಿನ ಲೆಕ್ಕ

2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಅಕ್ರಮ ಗಣಿಗಾರಿಕೆಯ ವ್ಯಾಪ್ತಿಯನ್ನು ಬಯಲಿಗೆ ತಂದಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಆ ಪ್ರಕರಣದಲ್ಲಿ 2013ರ ಏಪ್ರಿಲ್ 18ರಂದು ಬಂದ ತೀರ್ಪು ಗಂಭೀರ ಅಕ್ರಮ ನಡೆಸಿದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವಕ್ಕೆ ಪುನಶ್ಚೇತನದ ಷರತ್ತು ಹಾಕಿತು. ವರ್ಷಕ್ಕೆ ಇಂತಿಷ್ಟೇ ಅದಿರು ತೆಗೆಯಬೇಕೆಂಬ ಮಿತಿಯೂ ಬಂತು. 2022ರ ಆಗಸ್ಟ್‌ನಲ್ಲಿ ಬಳ್ಳಾರಿಯ ಮಟ್ಟಿಗೆ ಆ ಮಿತಿಯನ್ನು 2.8 ಕೋಟಿ ಟನ್‌ನಿಂದ 3.5 ಕೋಟಿ ಟನ್‌ಗೆ ಏರಿಸಲಾಯಿತು.

3.5 ಕೋಟಿ ಟನ್ ಎಂದರೆ ಎಷ್ಟು? ಒಂದು ಭಾಗ ಕನ್ವೇಯರ್ ಬೆಲ್ಟ್ ಮತ್ತು ರೈಲಿನಲ್ಲಿ ಸಾಗುತ್ತದೆ. ಅರ್ಧದಷ್ಟು ಮಾತ್ರ ರಸ್ತೆಗಿಳಿಯುತ್ತದೆ, ಒಂದು ಲಾರಿಗೆ 20 ಟನ್ ಎಂದಿಟ್ಟುಕೊಂಡರೂ ದಿನಕ್ಕೆ ಸುಮಾರು 2,400 ಲೋಡು. ಅಷ್ಟೇ ಲಾರಿಗಳು ಖಾಲಿಯಾಗಿ ಹಿಂದಿರುಗಬೇಕು. ಇದು ನಮ್ಮ ಅಂದಾಜಿನ ಲೆಕ್ಕವಷ್ಟೇ. ಆದರೂ ರಸ್ತೆಬದಿಯ ಮನೆಯೊಂದರ ಬಾಗಿಲಲ್ಲಿ ನಿಂತು ಯೋಚಿಸಿದರೆ ಅದರ ಭಾರ ತಿಳಿಯುತ್ತದೆ.

ಕಣ್ಣಿಗೆ ಕಾಣುವ ಕೆಂಪು ಧೂಳಿಗಿಂತ ಕಾಣದ ಧೂಳು ಹೆಚ್ಚು ಅಪಾಯಕಾರಿ. ಸಂಡೂರು ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಜೊತೆಗೆ ಬೆಣಚುಕಲ್ಲಿನ ಪದರಗಳಿವೆ. ಅವನ್ನು ಕೊರೆಯುವಾಗ, ಸಿಡಿಸುವಾಗ, ಕ್ರಷರ್‌ಗೆ ಹಾಕುವಾಗ ಸಿಲಿಕಾದ ಅತಿಸೂಕ್ಷ್ಮ ಕಣಗಳು ಏಳುತ್ತವೆ. ವರ್ಷಗಟ್ಟಲೆ ಅವನ್ನು ಉಸಿರಾಡಿದವರ ಶ್ವಾಸಕೋಶ ಗಾಯಗೊಂಡು ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧವಿಲ್ಲ, ತಡೆಯಬಹುದು ಅಷ್ಟೇ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆ ಹೆಚ್ಚು. ಎರಡರ ಲಕ್ಷಣಗಳೂ ಒಂದನ್ನೊಂದು ಹೋಲುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವ ಅಪಾಯವೂ ಇದೆ. ಸಂಡೂರಿನ ಇನ್ನೊಂದು ಅದಿರು ಮ್ಯಾಂಗನೀಸ್. ಅದರ ಧೂಳು ದೀರ್ಘಕಾಲ ದೇಹ ಸೇರಿದರೆ ಮಿದುಳು, ನರಗಳಿಗೆ ಹಾನಿಯಾಗಬಹುದು.

ಸಿಲಿಕೋಸಿಸ್ ಕಾನೂನಿನ ಪ್ರಕಾರ ಅಧಿಸೂಚಿತ ಕಾಯಿಲೆ. ವೈದ್ಯರು ಪತ್ತೆಹಚ್ಚಿದರೆ ಸರ್ಕಾರಕ್ಕೆ ತಿಳಿಸಬೇಕು. ಕಾರ್ಮಿಕನಿಗೆ ಪರಿಹಾರದ ಹಕ್ಕಿದೆ. ಗಣಿಯಲ್ಲಿ ದುಡಿಯುವವರಿಗೆ ಕೆಲಸಕ್ಕೆ ಸೇರುವಾಗ ಒಮ್ಮೆ, ನಂತರ ಐದು ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕೆಂಬ ನಿಯಮ ಬಹುಕಾಲದಿಂದಿದೆ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ಜಾರಿಗೆ ತಂದ ಕಾರ್ಮಿಕ ಸಂಹಿತೆಗಳು 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆಯ ಭರವಸೆ ನೀಡಿವೆ. ಆದರೆ ಈ ಹಕ್ಕುಗಳೆಲ್ಲ ಒಂದು ಕಾಗದದ ಮೇಲೆ ನಿಂತಿವೆ: ನೀನು ಇಲ್ಲಿ ಇಷ್ಟು ವರ್ಷ ದುಡಿದೆ ಎಂಬ ದಾಖಲೆ. ಗುತ್ತಿಗೆದಾರರು ಬದಲಾಗುತ್ತಾ ಹೋದಾಗ, ಕೂಲಿ ಕೈಗೇ ಸಿಕ್ಕಾಗ ಆ ದಾಖಲೆ ಹುಟ್ಟುವುದೇ ಇಲ್ಲ. ಕಾಯಿಲೆ ಕಾಣಿಸಿಕೊಳ್ಳುವ ಹೊತ್ತಿಗೆ ಕಾರ್ಮಿಕ ತನ್ನ ಊರಿಗೆ ಮರಳಿರುತ್ತಾನೆ. ಹೀಗೆ ಕಾಯಿಲೆ ಲೆಕ್ಕಕ್ಕೆ ಸಿಗದೆ ಹೋಗುತ್ತದೆ, ಲೆಕ್ಕಕ್ಕೆ ಸಿಗದ್ದಕ್ಕೆ ಯೋಜನೆಯೂ ಆಗುವುದಿಲ್ಲ.

ಹಣ ಇದೆ

2015ರಲ್ಲಿ ಗಣಿ ಕಾಯ್ದೆಗೆ ತಂದ ತಿದ್ದುಪಡಿಯಿಂದ ಗಣಿ ಇರುವ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಸ್ಥಾಪನೆಯಾಯಿತು. ಗಣಿ ಮಾಲೀಕರು ಸರ್ಕಾರಕ್ಕೆ ಕಟ್ಟುವ ರಾಜಧನದ ಜೊತೆಗೆ, ಹಳೆಯ ಗುತ್ತಿಗೆಯಾದರೆ ಅದರ ಶೇ 30ರಷ್ಟು, ಹರಾಜಿನಲ್ಲಿ ಪಡೆದ ಗುತ್ತಿಗೆಯಾದರೆ ಶೇ 10ರಷ್ಟು ಮೊತ್ತವನ್ನು ಈ ಪ್ರತಿಷ್ಠಾನಕ್ಕೆ ಕೊಡಬೇಕು. ಕಬ್ಬಿಣದ ಅದಿರಿಗೆ ರಾಜಧನ ಶೇ 15. ಅಂದರೆ 100 ರೂಪಾಯಿ ಬೆಲೆಯ ಅದಿರಿಗೆ 15 ರೂಪಾಯಿ ರಾಜಧನ. ಅದರ ಮೇಲೆ ಪ್ರತಿಷ್ಠಾನಕ್ಕೆ ನಾಲ್ಕೂವರೆ ರೂಪಾಯಿ ಅಥವಾ ಒಂದೂವರೆ ರೂಪಾಯಿ. ಚಿಕ್ಕ ಮೊತ್ತದಂತೆ ಕಂಡರೂ ಕೋಟಿಗಟ್ಟಲೆ ಟನ್ನಿನ ಲೆಕ್ಕದಲ್ಲಿ ಇದು ದೊಡ್ಡ ನಿಧಿ.

ಈ ಹಣದ ಬಳಕೆಗೆ ಪ್ರಧಾನಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ಮಾರ್ಗಸೂಚಿ ಇದೆ. 2024ರ ಜನವರಿಯಲ್ಲಿ ಅದನ್ನು ಪರಿಷ್ಕರಿಸಿ, ಕನಿಷ್ಠ ಶೇ 70ರಷ್ಟನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆ ಮತ್ತು ಮಕ್ಕಳ ಕಲ್ಯಾಣ, ನೈರ್ಮಲ್ಯದಂಥ ಆದ್ಯತೆಯ ವಲಯಗಳಿಗೆ ಖರ್ಚು ಮಾಡಬೇಕೆಂದು ಹೇಳಲಾಯಿತು. ಗಣಿಯಿಂದ 15 ಕಿ.ಮೀ. ಒಳಗಿನ ಪ್ರದೇಶವನ್ನು ನೇರ ಬಾಧಿತ ಎಂದೂ 25 ಕಿ.ಮೀ. ವರೆಗಿನದನ್ನು ಪರೋಕ್ಷ ಬಾಧಿತ ಎಂದೂ ಗುರುತಿಸಲಾಗಿದೆ. ಮೊದಲು ಮನೆಮನೆಯ ಸ್ಥಿತಿಗತಿಯ ಸಮೀಕ್ಷೆ, ನಂತರ ಐದು ವರ್ಷದ ಯೋಜನೆ ಎಂಬ ಕ್ರಮವೂ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಯಲ್ಲಿ ಸಂಸದರು, ಶಾಸಕರು ಸದಸ್ಯರು.

ಇದು ಒಂದು ಕೊಳ. ಇನ್ನೊಂದು ಕೊಳ ಸುಪ್ರೀಂ ಕೋರ್ಟ್ ಆದೇಶದಿಂದ ಹುಟ್ಟಿದ್ದು. ಅದಿರಿನ ಹರಾಜಿನಿಂದ ಬಂದ ಮೊತ್ತದ ಒಂದು ಪಾಲನ್ನು ಕೂಡಿಟ್ಟು, ಗಣಿಬಾಧಿತ ವಲಯದ ಸಮಗ್ರ ಪರಿಸರ ಯೋಜನೆಗೆ ಬಳಸಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವನ್ನು 2014ರಲ್ಲಿ ರಚಿಸಲಾಯಿತು. ಹಣ ವರ್ಷಗಳ ಕಾಲ ಬಳಕೆಯಾಗದೆ ಬಡ್ಡಿ ಬೆಳೆಸುತ್ತ ಕುಳಿತಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ್ ರೆಡ್ಡಿ ಅವರನ್ನು ಮೇಲುಸ್ತುವಾರಿಗೆ ನೇಮಿಸಿದ ಮೇಲೆ ಕೆಲಸಕ್ಕೆ ಚಾಲನೆ ಸಿಕ್ಕಿತು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಸೇರಿ ಯೋಜನೆಯ ಗಾತ್ರ ಸುಮಾರು 25 ಸಾವಿರ ಕೋಟಿ ರೂಪಾಯಿ.

ಇವುಗಳ ಜೊತೆಗೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ, ಮನೆಬಾಗಿಲಲ್ಲೇ ಬಿ.ಪಿ., ಶುಗರ್ ಪರೀಕ್ಷಿಸುವ ಗೃಹ ಆರೋಗ್ಯ ಯೋಜನೆ, ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ. ಕಾಗದದಲ್ಲಿ ನೋಡಿದರೆ ಸಂಡೂರಿನ ಬಡವನಿಗೆ ಯಾವುದೂ ಕಡಿಮೆ ಇಲ್ಲ.

ಕೊಂಡಿ ಎಲ್ಲಿ ಕಳಚುತ್ತದೆ

ಒಂದು ಸಾಮಾನ್ಯ ಸಂದರ್ಭವನ್ನು ಊಹಿಸಿಕೊಳ್ಳಿ. ತಾಂಡಾದ ಮಹಿಳೆಯೊಬ್ಬಳ ಗಂಡನಿಗೆ ಮೂರು ತಿಂಗಳಿಂದ ಕೆಮ್ಮು. ಮೊದಲು ಮೆಡಿಕಲ್ ಶಾಪಿನಲ್ಲಿ ಸಿರಪ್ಪು ತರುತ್ತಾರೆ. ಆಶಾ ಕಾರ್ಯಕರ್ತೆ ಹೇಳಿದ ಮೇಲೆ ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಒಪಿಡಿ ಚೀಟಿ, ಕಫ ಪರೀಕ್ಷೆ, ನಾಳೆ ಬನ್ನಿ. ಇನ್ನೊಂದು ದಿನದ ಕೂಲಿ ಹೋಯಿತು. ಹೆಚ್ಚಿನ ಪರೀಕ್ಷೆಗೆ ಬಳ್ಳಾರಿಗೆ ರೆಫರ್ ಮಾಡುತ್ತಾರೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಹೊಸಪೇಟೆ ಸುಮಾರು 30 ಕಿ.ಮೀ. ದೂರದಲ್ಲಿದೆ, ಬಳ್ಳಾರಿ ಹೆಚ್ಚುಕಡಿಮೆ ಅದರ ಎರಡರಷ್ಟು. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಯಾವ ಕೋಣೆ, ಯಾವ ಸಾಲು, ಯಾವ ಕಾರ್ಡು ಎಂದು ಹೇಳುವವರಿಲ್ಲ. ಮನೆಮಾತು ಲಂಬಾಣಿ, ಎದುರಿನವರ ಮಾತು ಅವಸರದ ಕನ್ನಡ, ನಡುವೆ ಇಂಗ್ಲಿಷ್. ಮೂರನೆಯ ಸಲ ಅವರು ಹೋಗುವುದಿಲ್ಲ.

ಇಲ್ಲಿ ಆಸ್ಪತ್ರೆ ಇರಲಿಲ್ಲವೇ? ಇತ್ತು. ಯೋಜನೆ ಇರಲಿಲ್ಲವೇ? ಇತ್ತು. ಜೊತೆಗೆ ಹೋಗುವ ಒಬ್ಬ ಮನುಷ್ಯ ಇರಲಿಲ್ಲ.

ಇದಕ್ಕೆ ನಂಬಿಕೆಯ ಪ್ರಶ್ನೆಯೂ ಸೇರುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಅವರಿಗೆ ಕೊಟ್ಟ ಐವಿ ದ್ರಾವಣದ ಗುಣಮಟ್ಟದ ಬಗ್ಗೆ ಪ್ರಶ್ನೆ ಎದ್ದು, ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಅಂಥ ಸುದ್ದಿ ಊರೂರಿಗೆ ಹಬ್ಬಿದ ಮೇಲೆ ಚೊಚ್ಚಲ ಬಸುರಿಯ ಮನೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ಭಯ ಹುಟ್ಟುವುದು ಸಹಜ. ಆ ಭಯವನ್ನು ಪೋಸ್ಟರು ಕಳೆಯಲಾರದು. ತಮ್ಮ ಬೀದಿಯ, ತಮ್ಮ ಮಾತಿನ, ಗೊತ್ತಿರುವ ಒಬ್ಬರು ಜೊತೆಗಿದ್ದರೆ ಮಾತ್ರ ಕಳೆದೀತು.

ನಮ್ಮ ರಾಜ್ಯದಲ್ಲೇ ಇದಕ್ಕೆ ಒಳ್ಳೆಯ ಪಾಠವಿದೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು. ಅಲ್ಲಿನ ದೊಡ್ಡ ಹೆಜ್ಜೆಗಳಲ್ಲೊಂದು ಬುಡಕಟ್ಟಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಆರೋಗ್ಯ ಸಹಾಯಕಿಯರನ್ನಾಗಿ ಮಾಡಿದ್ದು. ಮನೆಯ ಮಗಳೇ ಸೂಜಿ ಹಿಡಿದು ಬಂದಾಗ ಬಾಗಿಲು ತಾನಾಗಿ ತೆರೆಯಿತು.

ಸಂಡೂರಿನಲ್ಲೂ ಅಂಥ ಬಾಗಿಲುಗಳಿವೆ. ಲಂಬಾಣಿ ಕಸೂತಿಗೆ ಹೆಸರಾದ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರ ಕೈಕೆಲಸ 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯಲ್ಲಿ ಪ್ರದರ್ಶನವಾಯಿತು. 1,755 ವಸ್ತುಗಳ ಆ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ನಾಲ್ಕು ಜನ ಹೆಂಗಸರು ಕೂತು ಹೊಲಿಯುವ ಇಂಥ ಜಾಗ ಆರೋಗ್ಯದ ಮಾತಿಗೂ ಹೇಳಿಮಾಡಿಸಿದ ಜಾಗ. ಸೂಜಿಗೆ ದಾರ ಪೋಣಿಸಲಾಗದ ಕಣ್ಣು, ದಿನವಿಡೀ ಕೂತು ನೋಯುವ ಸೊಂಟ, ರಕ್ತಹೀನತೆಯ ಸುಸ್ತು, ಎಲ್ಲವೂ ಅಲ್ಲಿ ಹೊರಬರುತ್ತವೆ. ಅಂಗನವಾಡಿ, ಲಾರಿ ನಿಲ್ದಾಣ, ಮಸೀದಿಯ ಅಂಗಳ, ವಾರದ ಸಂತೆ ಕೂಡ ಅಂಥ ಜಾಗಗಳೇ.

ತೋರಣಗಲ್ಲು ಕಲಿಸಿದ ಪಾಠ

ಆರೋಗ್ಯದಲ್ಲಿ ಗೋಡೆ ಕಟ್ಟಿಕೊಂಡು ಬದುಕಲಾಗದು ಎಂಬುದನ್ನು ಸಂಡೂರು ತಾಲ್ಲೂಕು ಕೋವಿಡ್ ಕಾಲದಲ್ಲೇ ಕಂಡಿದೆ. 2020ರ ಜೂನ್‌ನಲ್ಲಿ ತೋರಣಗಲ್ಲಿನ ಉಕ್ಕು ಕಾರ್ಖಾನೆಯ ನೌಕರರಲ್ಲಿ ಸೋಂಕು ದೊಡ್ಡ ಪ್ರಮಾಣದಲ್ಲಿ ಹರಡಿ, ಅವರು ವಾಸಿಸುತ್ತಿದ್ದ ಸುತ್ತಲಿನ ಊರುಗಳನ್ನೆಲ್ಲ ಆತಂಕಕ್ಕೆ ದೂಡಿತು. ಗೇಟಿನ ಒಳಗೆ, ಹೊರಗೆ ಎಂಬ ಭೇದವನ್ನು ವೈರಾಣು ಮಾಡಲಿಲ್ಲ. ಮರುವರ್ಷ, 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ ಆಮ್ಲಜನಕಕ್ಕೆ ಹಾಹಾಕಾರ ಎದ್ದಾಗ ಅದೇ ಕಾರ್ಖಾನೆಯ ಪಕ್ಕದಲ್ಲಿ 1,000 ಹಾಸಿಗೆ ಸಾಮರ್ಥ್ಯದ ತಾತ್ಕಾಲಿಕ ಆಸ್ಪತ್ರೆ ರೂಪಿಸಿ, ಉಕ್ಕು ತಯಾರಿಸಲು ಉತ್ಪಾದಿಸುವ ಆಮ್ಲಜನಕವನ್ನು ಪೈಪಿನಲ್ಲಿ ನೇರವಾಗಿ ರೋಗಿಗಳಿಗೆ ಹರಿಸುವ ವ್ಯವಸ್ಥೆ ಮಾಡಲಾಯಿತು. ಕಂಪನಿ, ಜಿಲ್ಲಾಡಳಿತ, ವೈದ್ಯರು ಒಂದಾದರೆ ಕೆಲವೇ ವಾರಗಳಲ್ಲಿ ಏನಾಗಬಹುದು ಎಂಬುದಕ್ಕೆ ಇದು ಸಾಕ್ಷಿ.

ಆದರೆ ಅದು ಆಪತ್ಕಾಲ. ಧೂಳಿನ ಕಾಯಿಲೆ ಸದ್ದಿಲ್ಲದೆ, ಹತ್ತು ಹದಿನೈದು ವರ್ಷ ತೆಗೆದುಕೊಂಡು ಬರುತ್ತದೆ. ಹಾಹಾಕಾರ ಏಳದ ಕಾಯಿಲೆಗೆ ಯಾರು ಒಂದಾಗುತ್ತಾರೆ ಎಂಬುದೇ ಈಗಿನ ಪರೀಕ್ಷೆ.

ಆರೂವರೆ ಶತಮಾನದ ಹಿಂದಿನ ಒಂದು ಏರ್ಪಾಡು

ಸಂಡೂರಿನ ನೆರೆಯ ಹಂಪಿಯ ಇತಿಹಾಸದಲ್ಲಿ ನಮಗೆಲ್ಲ ಗೊತ್ತಿರುವ ಪ್ರಸಂಗವೊಂದಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಜೈನರು ಬುಕ್ಕರಾಯನ ಬಳಿ ದೂರು ಒಯ್ದರು. ಎರಡು ದರ್ಶನಗಳ ನಡುವೆ ಭೇದವಿಲ್ಲವೆಂದು ಅರಸ ತೀರ್ಪಿತ್ತ. ಶ್ರವಣಬೆಳಗೊಳದ ಶಾಸನವನ್ನು ಸಾಮರಸ್ಯದ ದಾಖಲೆಯೆಂದು ನಾವು ಸಭೆಗಳಲ್ಲಿ ನೆನೆಯುತ್ತೇವೆ. ಅದೇ ಶಾಸನದ ಮುಂದಿನ ಭಾಗವನ್ನು ಅಷ್ಟಾಗಿ ನೆನೆಯುವುದಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಸಂಗ್ರಹಿಸಬೇಕು. ಅದರಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಜನರನ್ನು ನೇಮಿಸಬೇಕು. ಉಳಿದ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಈ ಹೊಣೆ ಹೊರುವವರು ತಿರುಮಲೆಯ ವೈಷ್ಣವ ಮುಖ್ಯರು. ಅಂದರೆ ನೆರೆಯವರ ನಡುವಿನ ಸಂಬಂಧವನ್ನು ಅರಸ ಕೇವಲ ಒಳ್ಳೆಯ ಮಾತಿಗೆ ಬಿಡಲಿಲ್ಲ. ಯಾರು ಸಂಗ್ರಹಿಸಬೇಕು, ಎಷ್ಟು, ಯಾವುದಕ್ಕೆ, ಉಳಿದರೆ ಏನು ಮಾಡಬೇಕು ಎಂಬುದನ್ನು ಬರೆಸಿದ. ಅದೂ ಪ್ರತಿ ವರ್ಷಕ್ಕೆ.

ಮುಂದೆ 1385ರಲ್ಲಿ ದಂಡನಾಯಕ ಇರುಗಪ್ಪ ಇದೇ ವಿಜಯನಗರದಲ್ಲಿ ಕುಂಥುನಾಥ ತೀರ್ಥಂಕರರ ಬಸದಿ ಕಟ್ಟಿಸಿದ. ಗಾಣಗಿತ್ತಿ ಬಸದಿಯೆಂದು ಇಂದಿಗೂ ಅದನ್ನು ನೋಡುತ್ತೇವೆ. ಹಲವು ಮತ, ಭಾಷೆಗಳ ಆ ನಗರದಲ್ಲಿ ಅಲ್ಪಸಂಖ್ಯಾತರಾದ ನಮ್ಮ ಹಿರಿಯರು ನೆಲೆ ಕಂಡುಕೊಂಡದ್ದು ಇಂಥ ಲಿಖಿತ, ನಿರಂತರ ಏರ್ಪಾಡುಗಳ ಬಲದಿಂದ. ಅಂದು ನೆರೆಯವರು ನಮ್ಮ ಕಾವಲಿನ ಹೊಣೆ ಹೊತ್ತರು. ಇಂದು ನೆರೆಯವರ ಆರೋಗ್ಯದ ವಿಷಯದಲ್ಲಿ ನಾವು ಯಾವ ಹೊಣೆ ಹೊರುತ್ತೇವೆ?

ನಮ್ಮ ಪಾಲು

ಮೊದಲು ಸ್ವಲ್ಪ ಕಷ್ಟದ ಮಾತು. ಶ್ರಾವಕರು ವರ್ಜಿಸಬೇಕೆಂದು ಶಾಸ್ತ್ರ ಹೇಳುವ ಹದಿನೈದು ಕರ್ಮಾದಾನಗಳಲ್ಲಿ ನೆಲ ಅಗೆದು ಕಲ್ಲು ಒಡೆಯುವ ಸ್ಫೋಟಕರ್ಮವಿದೆ, ಬಾಡಿಗೆಗೆ ಗಾಡಿ ಹೊಡೆಸುವ ಭಾಟಕಕರ್ಮವಿದೆ, ಕಾಡು ಕಡಿಯುವ ವನಕರ್ಮವಿದೆ. ಗಣಿನಾಡಿನ ಆರ್ಥಿಕತೆ ನಿಂತಿರುವುದೇ ಇವುಗಳ ಮೇಲೆ. ದೇವದಾರಿ ಬೆಟ್ಟದ ಗಣಿ ಯೋಜನೆಗೆ ಸುಮಾರು 400 ಹೆಕ್ಟೇರ್ ಕಾಡು, 99 ಸಾವಿರ ಮರಗಳು ಬಲಿಯಾಗಬೇಕಾಗುತ್ತದೆ ಎಂಬ ವಿವಾದ 2024ರಲ್ಲಿ ರಾಜ್ಯದಾದ್ಯಂತ ಚರ್ಚೆಯಾದದ್ದು ನೆನಪಿದೆ. ನಮ್ಮಲ್ಲಿ ಕೆಲವರು ಲಾರಿ ಇಟ್ಟಿದ್ದೇವೆ, ಕೆಲವರು ಲಾರಿಗೆ ಸಾಲ ಕೊಟ್ಟಿದ್ದೇವೆ, ಕೆಲವರು ಬಿಡಿಭಾಗ ಮಾರುತ್ತೇವೆ, ಉಳಿದವರು ಆ ಉಕ್ಕಿನಲ್ಲಿ ಮನೆ ಕಟ್ಟಿದ್ದೇವೆ. ಹೀಗಿರುವಾಗ ಸಂಡೂರಿನ ಧೂಳು ಯಾರೋ ಬೇರೆಯವರ ವಿಷಯವೆಂದು ಕೈತೊಳೆದುಕೊಳ್ಳಲಾಗದು. ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡುವ ಉದ್ದೇಶ ಈ ಮಾತಿಗಿಲ್ಲ. ಔಷಧದಾನವನ್ನು ಪುಣ್ಯ ಸಂಪಾದನೆ ಎನ್ನುವುದಕ್ಕಿಂತ ಋಣ ತೀರಿಸುವುದೆಂದು ನೋಡಿದರೆ ಅದರ ರೀತಿಯೇ ಬದಲಾಗುತ್ತದೆ.

ಹಾಗೆ ನೋಡಿದರೆ ಕೆಲಸ ಮನೆಯಿಂದಲೇ ಶುರುವಾಗಬೇಕು. ಲಾರಿ ಇರುವವರು ಅದಿರಿನ ಮೇಲೆ ತಾಡಪಾಲು ಸರಿಯಾಗಿ ಹೊದಿಸುತ್ತಿದ್ದಾರೆಯೇ ಎಂದು ನೋಡಲಿ. ಚಾಲಕ, ಕ್ಲೀನರ್‌ಗಳಿಗೆ ಹಾಜರಿ ಪುಸ್ತಕ, ಬ್ಯಾಂಕ್ ಮೂಲಕ ಸಂಬಳ ಇರಲಿ. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ, ಇಎಸ್‌ಐ ಅನ್ವಯವಾಗುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರ ನೋಂದಣಿ ಮಾಡಿಸಲಿ. ಹತ್ತು ವರ್ಷದ ನಂತರ ಆ ಮನುಷ್ಯನಿಗೆ ಪರಿಹಾರ ಸಿಗುತ್ತದೋ ಇಲ್ಲವೋ ಎಂಬುದು ನಾವು ಇಂದು ಬರೆದಿಡುವ ಒಂದು ಸಾಲಿನ ಮೇಲೆ ನಿಂತಿದೆ.

ಎರಡನೆಯದು ಶಿಬಿರದ ಸ್ವರೂಪ. ಶಿಬಿರ ನಿಲ್ಲಿಸಬೇಕಾಗಿಲ್ಲ, ಅದಕ್ಕೊಂದು ಮರುದಿನ ಬೇಕು. ಶಿಬಿರಕ್ಕೆ ಮೊದಲೇ ಆಶಾ ಕಾರ್ಯಕರ್ತೆಯರು ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದೊಂದಿಗೆ ಮಾತಾಡಿ, ತೊಂದರೆ ಕಂಡುಬಂದವರ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಹಸ್ತಾಂತರಿಸಬೇಕು. ಹದಿನೈದು ದಿನಕ್ಕೆ, ಮೂರು ತಿಂಗಳಿಗೆ ಅವರು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ನೋಡಬೇಕು. ಐನೂರು ಜನರನ್ನು ಒಂದು ದಿನ ನೋಡುವುದಕ್ಕಿಂತ ಐವತ್ತು ಜನರನ್ನು ಒಂದು ವರ್ಷ ನೋಡುವುದರಲ್ಲಿ ಹೆಚ್ಚು ಫಲವಿದೆ. ಫೋಟೊ ಮಾತ್ರ ಕಡಿಮೆ ಬರುತ್ತದೆ.

ಮೂರನೆಯದು ಕ್ಷಯ. 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ನಿಕ್ಷಯ ಮಿತ್ರ ಕಾರ್ಯಕ್ರಮದಡಿ ಯಾವುದೇ ವ್ಯಕ್ತಿ ಅಥವಾ ಸಂಸ್ಥೆ ಕ್ಷಯ ರೋಗಿಯೊಬ್ಬರಿಗೆ ಕನಿಷ್ಠ ಆರು ತಿಂಗಳು ಆಹಾರ ಕಿಟ್ ಕೊಡಬಹುದು. ಬೇಳೆ, ಕಾಳು, ಧಾನ್ಯ, ಶೇಂಗಾ, ಎಣ್ಣೆ: ನಮ್ಮ ಅಡುಗೆಮನೆಗೆ ಹೊಸದಲ್ಲದ ಪದಾರ್ಥಗಳು. ಆಹಾರದಾನ, ಔಷಧದಾನ ಎರಡೂ ಇಲ್ಲಿ ಒಂದಾಗುತ್ತವೆ. ತಿಂಗಳಿಗೊಮ್ಮೆ ಕಿಟ್ ಕೊಡಲು ಹೋದಾಗ ಮನೆಯ ಇತರರಿಗೂ ಕೆಮ್ಮಿದೆಯೇ ಎಂದು ಕೇಳುವ ಸಲುಗೆ ತಾನಾಗಿ ಬೆಳೆಯುತ್ತದೆ.

ನಾಲ್ಕನೆಯದು ಭಾಷೆ. ಅಂಗಡಿಯಲ್ಲಿ ಕೂತ ನಮ್ಮವರಿಗೆ ಕನ್ನಡ, ತೆಲುಗು, ಹಿಂದಿ ಮೂರೂ ಬರುತ್ತವೆ. ಹಲವರಿಗೆ ಮಾರವಾಡಿ, ಗುಜರಾತಿಯೂ ಮನೆಮಾತು. ಒಡಿಶಾದ ಕಾರ್ಮಿಕ, ತಾಂಡಾದ ಅಜ್ಜಿ, ಮರಾಠಿ ಮನೆಯ ಸೊಸೆ ಎಲ್ಲರೂ ಆ ಕೌಂಟರಿನ ಮುಂದೆ ನಿಲ್ಲುತ್ತಾರೆ. ಔಷಧ ಅಂಗಡಿಯವರು ಮೂರನೆಯ ಸಲ ಕೆಮ್ಮಿನ ಸಿರಪ್ಪಿಗೆ ಬಂದವನಿಗೆ ಕಫ ಪರೀಕ್ಷೆ ಮಾಡಿಸಿಕೋ, ಅದು ಉಚಿತ ಎಂದು ಅವನ ಭಾಷೆಯಲ್ಲಿ ಹೇಳಿದರೆ ಅದೂ ಔಷಧದಾನವೇ. ಆಡಳಿತದ ಅನುಮತಿ ಪಡೆದು ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆರಡು ದಿನ ಸಹಾಯದ ಮೇಜು ನಡೆಸಲು ನಿವೃತ್ತ ಹಿರಿಯರು, ಕಾಲೇಜು ಯುವಕ ಯುವತಿಯರು ಮುಂದೆ ಬರಬಹುದು. ಲಂಬಾಣಿ, ಉರ್ದು ಬಲ್ಲ ನೆರೆಯವರನ್ನೂ ಜೊತೆಗೆ ಸೇರಿಸಿಕೊಂಡರೆ ಅದು ಒಂದು ಸಮಾಜದ ಸೇವೆಯಾಗಿ ಉಳಿಯದೆ ಊರಿನ ಕೆಲಸವಾಗುತ್ತದೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರಶ್ನೆ ಕೇಳುವುದು. ಖನಿಜ ಪ್ರತಿಷ್ಠಾನ ತನ್ನ ಸಭೆಗಳ ನಡಾವಳಿ, ಕಾಮಗಾರಿಗಳ ಪಟ್ಟಿ, ವಾರ್ಷಿಕ ವರದಿಗಳನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಅದನ್ನು ಓದುವವರು ಬೇಕು. ಲೆಕ್ಕಪತ್ರ ಓದುವುದರಲ್ಲಿ ನಮ್ಮ ಸಮಾಜಕ್ಕೆ ಪರಂಪರೆಯ ಪರಿಣತಿಯಿದೆ. ನಮ್ಮಲ್ಲಿ ಲೆಕ್ಕಪರಿಶೋಧಕರಿಗೆ ಕೊರತೆಯಿಲ್ಲ. ಆರೋಗ್ಯಕ್ಕೆಂದು ಇಟ್ಟ ಹಣದಲ್ಲಿ ಕಟ್ಟಡಕ್ಕೆಷ್ಟು, ಸಿಬ್ಬಂದಿಗೆಷ್ಟು? ಗುತ್ತಿಗೆ ಕಾರ್ಮಿಕರ ಎಕ್ಸ್‌ರೇ ತಪಾಸಣೆಗೆ ಏನಾದರೂ ಇದೆಯೇ? ತಾಂಡಾದಿಂದ ಆಸ್ಪತ್ರೆಗೆ ವಾಹನ ಇದೆಯೇ? ಇವನ್ನು ಪುರಸಭೆಯಲ್ಲಿ, ಗ್ರಾಮಸಭೆಯಲ್ಲಿ, ಅಗತ್ಯವಿದ್ದರೆ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ನೆರೆಯವರ ಜೊತೆಗೂಡಿ ವಿನಯದಿಂದ, ಬಿಡದೆ ಕೇಳಬೇಕು. ಸಾವಿರಾರು ಕೋಟಿ ಸಾರ್ವಜನಿಕ ಹಣ ಸರಿಯಾದ ಕಡೆ ಹರಿದರೆ ಆಗುವ ಒಳಿತು ನಮ್ಮ ಎಲ್ಲ ಶಿಬಿರಗಳಿಂದಲೂ ಆಗದು.

ಸಂಡೂರಿನ ಬಗ್ಗೆ ಹೇಳಿದ್ದು ಬಾಗಲಕೋಟೆಯ ಸುಣ್ಣದಕಲ್ಲಿನ ಊರುಗಳಿಗೂ, ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಿಗೂ, ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಬಡಾವಣೆಗಳಿಗೂ ಅನ್ವಯಿಸುತ್ತದೆ. ಓದುಗರು ತಮ್ಮ ತಮ್ಮ ಊರಿನಲ್ಲಿ ಮುಂದಿನ ಶಿಬಿರದ ದಿನಾಂಕ ಗೊತ್ತುಮಾಡುವಾಗ, ಅದೇ ಸಭೆಯಲ್ಲಿ ಅದರ ಮರುದಿನದ ಹೊಣೆ ಯಾರದು ಎಂಬುದನ್ನೂ ಹೆಸರು ಸಮೇತ ಬರೆದಿಡಲಿ.